ಫ್ಯಾನ್ ಕೂಗಿದ ಮಾತ್ರಕ್ಕೆ ಲ್ಯಾಪ್‌ಟಾಪ್ ಸತ್ತಿಲ್ಲ ಕಣ್ರೋ

(1/8)

ಮೊದಲು ಫೋಟೋ ನೋಡಿ. ಒಂದು ರೂಪಾಯಿ ನಾಣ್ಯದ ಪಕ್ಕ ಇರೋದು ಏನು, ಹೇಳಿ? ಹತ್ತಿ ಅಲ್ಲ, ಬೆಕ್ಕಿನ ಕೂದಲೂ ಅಲ್ಲ. ಮೂರು ವರ್ಷದಿಂದ ನನ್ನ ಲ್ಯಾಪ್‌ಟಾಪ್ ಒಳಗೆ ಬಾಡಿಗೆ ಕೊಡದೆ ಕೂತಿದ್ದ ಧೂಳು. ಕಂಬಳಿ ತರ ಗಟ್ಟಿಯಾಗಿತ್ತು, ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು.

ಇದನ್ನ ತೆಗೆಯೋಕೆ ನನಗೆ ಆದ ಖರ್ಚು 380 ರೂಪಾಯಿ. ಅದಕ್ಕೂ ಕೆಲವು ದಿನ ಮುಂಚೆ ನಮ್ಮೂರಿನ ಒಂದು ಅಂಗಡಿಯಲ್ಲಿ ಇದೇ ಲ್ಯಾಪ್‌ಟಾಪ್ ಬಗ್ಗೆ ಸಿಕ್ಕ ಉತ್ತರ: "ಮದರ್‌ಬೋರ್ಡ್ ಹೋಗಿದೆ ಕಣಮ್ಮಾ. ಎಂಟು ಸಾವಿರ ಆಗುತ್ತೆ. ಹೆಂಗೂ ಮೂರು ವರ್ಷ ಆಯ್ತಲ್ಲ, ಹೊಸದು ತಗೊಂಬಿಡಿ."

ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ ಆ ಮನುಷ್ಯ. ಮುಚ್ಚಳ ತೆಗೆದ, ಆನ್ ಮಾಡಿದ, ಕಿವಿ ಹತ್ತಿರ ಇಟ್ಟುಕೊಂಡ, ತೀರ್ಪು ಕೊಟ್ಟ. ಹತ್ತು ಸೆಕೆಂಡ್ ಆಗಿರಬಹುದು. ನಮ್ಮೂರಿನ ಡಾಕ್ಟ್ರು ಕೂಡ ನಾಲಿಗೆ ಚಾಚು ಅಂತಾರೆ, ನಾಡಿ ಹಿಡಿದು ನೋಡ್ತಾರೆ.

ಈ ಸೀರೀಸ್ ಬರೀತಿರೋದು ಸಿಟ್ಟಲ್ಲೇ, ಮುಚ್ಚಿಡಲ್ಲ. ಎಂಟು ಭಾಗ ಇದೆ. ರೀಲ್ಸ್ ನೋಡೋ ಟೈಮಲ್ಲಿ ಐದು ನಿಮಿಷ ಇದಕ್ಕೆ ಕೊಡಿ. ನಮ್ಮ ಕ್ಲಾಸಲ್ಲೇ ಒಬ್ಬರು ಇದೇ ಸದ್ದಿಗೆ ಹೆದರಿ ಏನು ಮಾಡಿಕೊಂಡರು ಅನ್ನೋದನ್ನ ಆರನೇ ಭಾಗದಲ್ಲಿ ಹೇಳ್ತೀನಿ.

(2/8)

ನಡೆದಿದ್ದು ಇಷ್ಟು. 2022ರಲ್ಲಿ, ಸೆಕೆಂಡ್ ಪಿಯು ಶುರುವಾಗೋ ಹೊತ್ತಿಗೆ ಅಮ್ಮ ಸಂಘದಲ್ಲಿ ಸಾಲ ತೆಗೆದು 38,000ಕ್ಕೆ ಈ ಲ್ಯಾಪ್‌ಟಾಪ್ ಕೊಡಿಸಿದ್ದು. ಅಂಗಡಿಯಲ್ಲಿದ್ದ ಹಳೇ ಸ್ಟಾಕ್, ಆಫರ್‌ನಲ್ಲಿ ಬಂದಿದ್ದು, ಅದಕ್ಕೇ ವಿಂಡೋಸ್ 10 ಇತ್ತು. ಅಮ್ಮ ಬ್ಲೌಸ್ ಹೊಲಿದು ವಾರವಾರ ಕಂತು ಕಟ್ಟಿದರು. ಕೊನೇ ಕಂತು ಮುಗಿದ ದಿನ ಮನೇಲಿ ಪಾಯಸ ಮಾಡಿದ್ರು. ಆದ್ದರಿಂದ ಯಾರಾದರೂ "ಹಳೇದು ಬಿಡು" ಅಂತ ಹಗುರವಾಗಿ ಅಂದ್ರೆ ನನಗೆ ಉರಿಯುತ್ತೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು. ಸ್ಕ್ರೀನ್ ತುಂಬ ನೋಟಿಸ್ ಬರ್ತಾನೇ ಇತ್ತು. ನನ್ನ ಮಷೀನ್ ವಿಂಡೋಸ್ 11ಕ್ಕೆ ಅರ್ಹ ಅಂತ ತೋರಿಸ್ತು, ನವೆಂಬರ್‌ನ ಒಂದು ಶನಿವಾರ ರಾತ್ರಿ ಹಾಕಿ ಮಲಗಿದೆ. ಭಾನುವಾರ ಬೆಳಗ್ಗೆ ಎಲ್ಲ ಹೊಳೀತಿತ್ತು. ಹೊಸ ಐಕಾನ್, ಮಧ್ಯಕ್ಕೆ ಬಂದು ಕೂತ ಸ್ಟಾರ್ಟ್ ಬಟನ್. ಅದರ ಜೊತೆಗೆ ಅಡುಗೆಮನೆ ಮಿಕ್ಸಿ ತರ ಫ್ಯಾನ್.

ನಿಲ್ಲಲೇ ಇಲ್ಲ. ಏನೂ ಓಪನ್ ಮಾಡದೆ ಸುಮ್ಮನೆ ಬಿಟ್ಟರೂ ಕೂಗು. ಸೋಮವಾರ ಟ್ಯಾಲಿ ಲ್ಯಾಬಲ್ಲಿ ಆನ್ ಮಾಡಿದಾಗ ಇಡೀ ಸಾಲು ತಿರುಗಿ ನೋಡ್ತು. "ನಿನ್ನ ಲ್ಯಾಪ್‌ಟಾಪ್ ಟೇಕಾಫ್ ಆಗ್ತಿದೆ" ಅಂತ ಹಿಂದಿನಿಂದ ಒಂದು ಧ್ವನಿ. ಯಾರು ಅಂತ ಗೊತ್ತು, ನೀನೂ ಇದನ್ನ ಓದ್ತಿದ್ದೀಯ.

ಸಂಜೆ ಹೆದರಿಕೊಂಡು ಅಂಗಡಿಗೆ ಹೋದೆ. ಆಮೇಲಿಂದು ಮೊದಲ ಭಾಗದಲ್ಲಿ ಓದಿದ್ದೀರಿ.

(3/8)

ಅಂಗಡಿಯಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನಿಗೆ ಹೇಳೋದು ಹೇಗೆ ಅಂತ. ಮಾರನೇ ದಿನ ನಮ್ಮ ಲ್ಯಾಬ್ ಅಸಿಸ್ಟೆಂಟ್ ಅಣ್ಣನ ಹತ್ತಿರ ಹೋಗಿ ಕೇಳಿದೆ. ನಲವತ್ತು ಹಳೇ ಸಿಸ್ಟಂಗಳನ್ನ ಒಬ್ಬರೇ ಜೀವಂತ ಇಟ್ಟಿರೋ ಮನುಷ್ಯ. ಅವರು ಲ್ಯಾಪ್‌ಟಾಪ್ ಮುಟ್ಟೋಕೆ ಮುಂಚೆ ಒಂದು ಪ್ರಶ್ನೆ ಕೇಳಿದರು.

"ಸದ್ದು ಎಂಥದ್ದು? ಜೋರು ಗಾಳಿ ಬೀಸೋ ತರನಾ, ಇಲ್ಲ ಕರಕರ ಅಂತ ಉಜ್ಜೋ ತರನಾ?"

"ಗಾಳಿ ತರ ಅಣ್ಣ."

"ಹಂಗಾದ್ರೆ ಫ್ಯಾನ್ ಚೆನ್ನಾಗೇ ಇದೆ. ಕೆಲಸ ಮಾಡ್ತಿದೆ. ಫ್ಯಾನಿಗೆ ವಿಂಡೋಸ್ 10, 11 ಎಲ್ಲಾ ಗೊತ್ತಾಗಲ್ಲಮ್ಮ, ಬಿಸಿ ಒಂದು ಗೊತ್ತಾಗುತ್ತೆ."

ಇಷ್ಟನ್ನ ನಿಮ್ಮ ತಲೇಲಿ ಇಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಮೋಸ ತಪ್ಪುತ್ತೆ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು ಅನ್ನೋದನ್ನ ಮದರ್‌ಬೋರ್ಡ್ ಮೇಲಿರೋ ಒಂದು ಪುಟ್ಟ ಕಂಟ್ರೋಲರ್ ಚಿಪ್ ನೋಡಿಕೊಳ್ಳುತ್ತೆ. ಪ್ರೊಸೆಸರ್ ಎಷ್ಟು ಬಿಸಿ ಅಂತ ಸೆನ್ಸರ್ ಹೇಳುತ್ತೆ, ಅದಕ್ಕೆ ತಕ್ಕ ಹಾಗೆ ಫ್ಯಾನ್ ತಿರುಗುತ್ತೆ. ಪ್ರೊಸೆಸರ್ ಮೇಲೆ ಒಂದು ತಾಮ್ರದ ಪೈಪ್ ಕೂತಿರುತ್ತೆ, ಅದು ಬಿಸಿಯನ್ನ ಮೂಲೆಗೆ ಸಾಗಿಸುತ್ತೆ, ಅಲ್ಲಿ ತೆಳ್ಳನೆ ತಗಡಿನ ಸಾಲು, ಆ ಸಾಲಿನ ಮಧ್ಯೆ ಫ್ಯಾನ್ ಗಾಳಿ ಊದಿ ಬಿಸಿ ಹೊರಗೆ ಹಾಕುತ್ತೆ. ಅಷ್ಟೇ ವ್ಯವಸ್ಥೆ.

ಹಾಗಾಗಿ ಫ್ಯಾನ್ ಕೂಗ್ತಿದೆ ಅಂದ್ರೆ ಎರಡರಲ್ಲಿ ಒಂದು. ಪ್ರೊಸೆಸರ್‌ಗೆ ಯಾರೋ ಜಾಸ್ತಿ ಕೆಲಸ ಕೊಡ್ತಿದ್ದಾರೆ, ಇಲ್ಲಾ ಬಿಸಿ ಹೊರಗೆ ಹೋಗೋ ದಾರಿ ಕಟ್ಟಿಕೊಂಡಿದೆ. ನನ್ನದರಲ್ಲಿ ಎರಡೂ ಇತ್ತು.

ಕರಕರ ಸದ್ದು ಆಗಿದ್ರೆ ಕಥೆ ಬೇರೆ. ಅದು ಫ್ಯಾನಿನ ಬೇರಿಂಗ್ ಸವೆದಿರೋದು, ಇಲ್ಲಾ ರೆಕ್ಕೆಗೆ ಏನೋ ತಾಗ್ತಿರೋದು. ಅದಕ್ಕೆ ಫ್ಯಾನ್ ಬದಲಿಸಬೇಕಾಗಬಹುದು. ಆಗಲೂ ಬದಲಿಸೋದು ಫ್ಯಾನನ್ನ, ಮದರ್‌ಬೋರ್ಡನ್ನಲ್ಲ.

(4/8)

"ಅಪ್‌ಗ್ರೇಡ್ ಮಾಡಿದ್ದೇ ತಪ್ಪು" ಅಂತ ಡಿಎಂ ಮಾಡಿದ ಹನ್ನೆರಡು ಜನರಿಗೆ ಈ ಭಾಗ.

ಅಪ್‌ಗ್ರೇಡ್ ಆದ ಮೇಲೆ ಸಿಸ್ಟಂ ಸುಮ್ಮನೆ ಕೂರಲ್ಲ. ಹೊಸ ಮನೆಗೆ ಶಿಫ್ಟ್ ಆದ ಮೇಲೆ ಎರಡು ದಿನ ಡಬ್ಬಗಳನ್ನ ಜೋಡಿಸ್ತಾ ಇರ್ತೀವಲ್ಲ, ಹಾಗೆ. ಸರ್ಚ್ ಇಂಡೆಕ್ಸರ್ ಅಂತ ಒಂದು ಇದೆ, ಅದು ನಿಮ್ಮ ಫೈಲುಗಳನ್ನ ಮತ್ತೆ ಒಂದೊಂದಾಗಿ ಪಟ್ಟಿ ಮಾಡುತ್ತೆ. ಡಿಫೆಂಡರ್ ಸ್ಕ್ಯಾನ್ ಶುರುಮಾಡುತ್ತೆ. ಹೊಸ ಡ್ರೈವರ್, ಹೊಸ ಅಪ್‌ಡೇಟ್ ಹಿಂದಿನಿಂದ ಇಳೀತಿರುತ್ತೆ. ಒನ್‌ಡ್ರೈವ್ ಇದ್ರೆ ಅದೂ ಫೋಟೋಗಳನ್ನ ಎಳೆದಾಡುತ್ತೆ. ನಿಮ್ಮ ಕಣ್ಣಿಗೆ ಖಾಲಿ ಸ್ಕ್ರೀನ್, ಒಳಗೆ ಪ್ರೊಸೆಸರ್ ಬೆವರು ಸುರಿಸ್ತಿರುತ್ತೆ.

ನೋಡೋದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಸಿಪಿಯು ಅಂತ ಬರೆದಿರೋ ಕಾಲಂ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಜಾಸ್ತಿ ತಿನ್ನೋದು ಮೇಲೆ ಬರುತ್ತೆ. ನಾನು ಮಂಗಳವಾರ ನೋಡಿದಾಗ ಇಂಡೆಕ್ಸರ್ ಮತ್ತೆ ಆಂಟಿಮಾಲ್‌ವೇರ್ ಸರ್ವಿಸ್ ಎರಡೂ ಮೇಲೆ ಕೂತಿದ್ವು. ಬುಧವಾರ ಸಂಜೆಗೆ ಅವು ಕೆಳಗಿಳಿದ್ವು. ಯಾರೂ ಏನೂ ಮಾಡಲಿಲ್ಲ, ಚಾರ್ಜರ್ ಹಾಕಿ ಆನ್ ಇಟ್ಟಿದ್ದೆ ಅಷ್ಟೇ. ನೀವು ಗಾಬರಿಯಲ್ಲಿ ಅರ್ಧ ಗಂಟೆಗೊಮ್ಮೆ ಆಫ್ ಮಾಡ್ತಾ ಇದ್ರೆ ಆ ಕೆಲಸ ಮುಗಿಯೋದೇ ಇಲ್ಲ, ಪ್ರತಿಸಲ ಮುಂದುವರಿಸಬೇಕಾಗುತ್ತೆ.

ಆದ್ರೆ ಈ ಧೂಳು ಮೂರು ವರ್ಷದಿಂದ ಇತ್ತಲ್ಲ, ಮುಂಚೆ ಯಾಕೆ ಕೂಗಲಿಲ್ಲ? ಒಳ್ಳೇ ಪ್ರಶ್ನೆ. ಹಳೇ ಬಸ್ಸು ಬಯಲು ದಾರಿಯಲ್ಲಿ ಆರಾಮಾಗಿ ಹೋಗ್ತಿರುತ್ತೆ, ಶಿರಾಡಿ ಘಾಟಿ ಹತ್ತುವಾಗ ರೇಡಿಯೇಟರ್ ಕುದಿಯುತ್ತೆ. ಡ್ರೈವರ್ ಇಳಿದು ಘಾಟಿಗೆ ಬೈಯಲ್ಲ, ನೀರು ಹಾಕ್ತಾನೆ. ನಾನು ದಿನಾ ಮಾಡೋದು ಟ್ಯಾಲಿ, ಎಕ್ಸೆಲ್, ಯೂಟ್ಯೂಬ್. ಅದು ಬಯಲು. ಅಪ್‌ಗ್ರೇಡ್ ಅನ್ನೋದು ಎರಡು ದಿನದ ಘಾಟಿ. ಅಲ್ಲಿ ಗೊತ್ತಾಯ್ತು ದಾರಿ ಕಟ್ಟಿರೋದು.

ಇನ್ನು ಅಪ್‌ಡೇಟನ್ನೇ ಆಫ್ ಮಾಡಿ ಕೂತಿರೋರಿಗೆ: ಅದೇ ಲ್ಯಾಪ್‌ಟಾಪಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕ್ತೀರಿ, ಅಪ್ಪನ ನೆಟ್‌ಬ್ಯಾಂಕಿಂಗ್ ತೆಗೀತೀರಿ. ಸದ್ದು ಬೇಡ ಅಂತ ಬಾಗಿಲ ಬೀಗ ತೆಗೆದಿಟ್ಟು ಮಲಗ್ತಿದ್ದೀರಿ. ಅಪ್‌ಗ್ರೇಡ್ ನಿಜವಾಗಲೂ ಒಗ್ಗಿಲ್ಲ ಅಂದ್ರೆ ಮೊದಲ ಹತ್ತು ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ 'ಗೋ ಬ್ಯಾಕ್' ಇರುತ್ತೆ, ಹಳೇದಕ್ಕೆ ವಾಪಸ್ ಹೋಗಬಹುದು. ನಿಮ್ಮ ಮಷೀನ್ ವಿಂಡೋಸ್ 11ಕ್ಕೆ ಅರ್ಹವೇ ಅಲ್ಲ ಅಂದ್ರೆ, ವಿಂಡೋಸ್ 10ಕ್ಕೆ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೂ ಸೆಕ್ಯುರಿಟಿ ಅಪ್‌ಡೇಟ್ ಇದೆ.

(5/8)

ಇದು ನಾನು ಮಾಡಿದ್ದು. ಕ್ರಮ ಮುಖ್ಯ, ದುಡ್ಡು ಖರ್ಚಾಗೋದು ಕೊನೆಗೆ.

ಎರಡು ಮೂರು ದಿನ ಬಿಟ್ಟೆ. ಇಂಡೆಕ್ಸಿಂಗ್ ಎಷ್ಟಾಗಿದೆ, ಎಷ್ಟು ಬಾಕಿ ಅಂತ ಸೆಟ್ಟಿಂಗ್ಸ್‌ನ ಸರ್ಚ್ ಪುಟದಲ್ಲೇ ತೋರಿಸುತ್ತೆ. ಆಮೇಲೆ ಸ್ಟಾರ್ಟಪ್ ಆ್ಯಪ್‌ಗಳ ಪಟ್ಟಿ ತೆಗೆದೆ. ಅಯ್ಯೋ! ಹನ್ನೊಂದು ಆ್ಯಪ್ ನಾನು ಕರೆಯದೆ ಬೆಳಗ್ಗೆ ಎದ್ದು ಕೂರ್ತಿದ್ವು. ಲಾಕ್‌ಡೌನ್ ಕಾಲದ ಎರಡು ಮೀಟಿಂಗ್ ಆ್ಯಪ್, ಒಂದು ಗೇಮ್ ಲಾಂಚರ್ (ತಮ್ಮನ ಕೆಲಸ), ಒಂದು ಪಿಡಿಎಫ್ ಕನ್ವರ್ಟರ್. ಬೇಡದ್ದನ್ನ ಆಫ್ ಮಾಡಿದೆ. ಸಿಸ್ಟಂ, ಪವರ್ ಅಂಡ್ ಬ್ಯಾಟರಿ, ಪವರ್ ಮೋಡ್ ಅಂತ ಹೋಗಿ ನೋಡಿದೆ, 'ಬೆಸ್ಟ್ ಪರ್ಫಾರ್ಮೆನ್ಸ್' ಅಂತಿತ್ತು. ಟ್ಯಾಲಿಯಲ್ಲಿ ವೋಚರ್ ಎಂಟ್ರಿ ಮಾಡೋಕೆ ಅದು ಬೇಕಾ? 'ಬ್ಯಾಲೆನ್ಸ್ಡ್' ಮಾಡಿದೆ. ಕೊನೆಗೆ ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಸೈಟ್‌ಗೆ ಹೋಗಿ ನನ್ನ ಮಾಡೆಲ್ ನಂಬರ್‌ಗೆ ಇರೋ ಚಿಪ್‌ಸೆಟ್, ಗ್ರಾಫಿಕ್ಸ್ ಡ್ರೈವರ್ ಮತ್ತೆ ಬಯಾಸ್ ಅಪ್‌ಡೇಟ್ ಹಾಕಿದೆ. ಅಪ್‌ಗ್ರೇಡ್ ಆಗುವಾಗ ಕೆಲವು ಸಲ ಸಾಮಾನ್ಯ ಡ್ರೈವರ್ ಬಂದು ಕೂತಿರುತ್ತೆ, ಅದರಿಂದಲೂ ಸುಮ್ಮನೆ ಬಿಸಿ ಆಗಬಹುದು. ಬಯಾಸ್ ಹಾಕುವಾಗ ಚಾರ್ಜರ್ ಇರಲಿ, ಕರೆಂಟ್ ಹೋಗೋ ಟೈಮ್ ನೋಡಿಕೊಳ್ಳಿ. ಅರ್ಧಕ್ಕೆ ನಿಂತರೆ ಮಾತ್ರ ಆ ಅಂಗಡಿಯವನ ಮಾತು ನಿಜ ಆಗುತ್ತೆ.

ಇಷ್ಟು ಹೊತ್ತಿಗೆ ಸದ್ದು ಅರ್ಧ ಇಳಿದಿತ್ತು. ಒಂದು ಪೈಸೆ ಖರ್ಚಿಲ್ಲ.

ಉಳಿದರ್ಧಕ್ಕೆ ಲ್ಯಾಬ್ ಅಣ್ಣ ಶನಿವಾರ ಮಧ್ಯಾಹ್ನ ಮುಂದೆ ಕೂತು ಬಿಚ್ಚಿಸಿದರು. ಬಿಚ್ಚಿದ್ದು ನಾನೇ, ಅವರು ಬರೀ ಬೆರಳು ತೋರಿಸ್ತಿದ್ದರು. ಆಫ್ ಮಾಡಿ, ಚಾರ್ಜರ್ ತೆಗೆದು, ತಳದ ಸ್ಕ್ರೂ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ಸ್ಕ್ರೂಗಳನ್ನ ಪೇಪರ್ ಮೇಲೆ ಚಿತ್ರ ಬರೆದು ಅದದೇ ಜಾಗದಲ್ಲಿ ಇಡಿ, ಉದ್ದ ಗಿಡ್ಡ ಇರುತ್ತೆ. ಫ್ಯಾನ್ ರೆಕ್ಕೆಯನ್ನ ಬೆರಳಲ್ಲಿ ಹಿಡಿದುಕೊಂಡೇ ಗಾಳಿ ಊದಬೇಕು, ಗಿರಗಿರ ತಿರುಗೋಕೆ ಬಿಡಬಾರದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಟ್ಯಾಟಿಕ್‌ನಿಂದ ಚಿಪ್ ಹೋಗಬಹುದು. ಪೇಂಟ್ ಬ್ರಷ್ ಸಾಕು. ಫ್ಯಾನ್ ಮತ್ತೆ ಆ ತಗಡಿನ ಸಾಲಿನ ನಡುವೆ ಇತ್ತು ನೋಡಿ, ಮೊದಲ ಫೋಟೋದಲ್ಲಿರೋ ಕಂಬಳಿ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿತ್ತು, ಒರೆಸಿ ಹೊಸದು ಹಾಕಿದ್ವಿ. ಪೇಸ್ಟ್ 290, ಬ್ರಷ್ 40, ಅಣ್ಣನಿಗೂ ನನಗೂ ಕ್ಯಾಂಟೀನಲ್ಲಿ ಟೀ, ಬನ್ 50.

ವಾರಂಟಿ ಇನ್ನೂ ಇದ್ರೆ ಬಿಚ್ಚಬೇಡಿ, ಅವರ ಹತ್ತಿರಾನೇ ಕೊಡಿ. ಟಚ್‌ಪ್ಯಾಡ್ ಉಬ್ಬಿದ್ರೆ ಅದು ಬ್ಯಾಟರಿ ಊದಿಕೊಂಡಿರೋದು, ಆಫ್ ಮಾಡಿ, ಚಾರ್ಜ್ ಹಾಕಬೇಡಿ, ನೀವೇ ಕೈ ಹಾಕಲೇಬೇಡಿ.

ಇನ್ನೊಂದು. ಫ್ಯಾನ್ ಸ್ಪೀಡ್ ಬಲವಂತವಾಗಿ ಇಳಿಸೋ ಆ್ಯಪ್ ಹಾಕಿಕೊಳ್ಳೋ ಬುದ್ಧಿವಂತರಿದ್ದಾರೆ. ಸದ್ದು ನಿಲ್ಲುತ್ತೆ, ಬಿಸಿ ಒಳಗೇ ಉಳಿಯುತ್ತೆ. ಆಗ ಪ್ರೊಸೆಸರ್ ತನ್ನನ್ನ ಉಳಿಸಿಕೊಳ್ಳೋಕೆ ವೇಗ ತಾನೇ ಇಳಿಸಿಕೊಳ್ಳುತ್ತೆ. ಆಮೇಲೆ "ಸ್ಲೋ ಆಯ್ತು, ಹೊಸದು ಬೇಕು" ಅಂತ ಶುರು.

(6/8)

ಈಗ ನಿಜವಾದ ಜಗಳ.

ನಮ್ಮ ಕ್ಲಾಸಿನ ಒಬ್ಬರು, ಹೆಸರು ಬೇಡ, ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಅದೇ ಅಪ್‌ಗ್ರೇಡ್, ಅದೇ ಸದ್ದು, ಅದೇ ಅಂಗಡಿ, ಅದೇ "ಮದರ್‌ಬೋರ್ಡ್". ಅವರಪ್ಪ ಆಟೋ ಓಡಿಸ್ತಾರೆ. 52,000ದ ಹೊಸದನ್ನ ಕಂತಿನ ಮೇಲೆ ತಗೊಂಡರು. ಹಳೇದನ್ನ ಅದೇ ಅಂಗಡಿ "ಸ್ಕ್ರಾಪ್ ರೇಟಿಗೆ" 4,000 ಕೊಟ್ಟು ಇಟ್ಟುಕೊಂಡಿತು.

ಎರಡು ವಾರ ಆದಮೇಲೆ ನಾನು ಚಾರ್ಜರ್ ಪಿನ್ ಕೇಳೋ ನೆಪದಲ್ಲಿ ಅಲ್ಲಿಗೆ ಹೋದೆ. ಗಾಜಿನ ಶೋಕೇಸಲ್ಲಿ ಆ ಲ್ಯಾಪ್‌ಟಾಪ್ ಕೂತಿತ್ತು. 16,500. ಮುಚ್ಚಳದ ಮೇಲೆ ಅಂಟಿಸಿದ್ದ ಪುನೀತ್ ಸ್ಟಿಕ್ಕರ್ ಕೆರೆದು ತೆಗೆದ ಗುರುತು ಇನ್ನೂ ಇತ್ತು. ಆನ್ ಮಾಡಿ ತೋರಿಸಿ ಅಂದೆ. ಮಾಡಿದರು. ಒಂದು ಚೂರೂ ಸದ್ದಿಲ್ಲ.

"ಕಂಡೀಷನ್ ಸೂಪರ್ ಇದೆ ಮೇಡಂ, ಮದರ್‌ಬೋರ್ಡ್ ಒರಿಜಿನಲ್" ಅಂದರು.

ಒರಿಜಿನಲ್!

ನಾನು ಅಲ್ಲೇ ಕಿರುಚಬೇಕಿತ್ತು. ಕಿರುಚಲಿಲ್ಲ. ಪಿನ್ ಇಲ್ಲ ಅಂದ್ರೆ ಬೇಡ ಬಿಡಿ ಅಂತ ಹೇಳಿ ಬಂದೆ. ಅದರ ಬೇಜಾರು ಇನ್ನೂ ಇದೆ, ಈ ಸೀರೀಸ್ ಬರೋಕೆ ಅರ್ಧ ಕಾರಣ ಅದೇ.

ಎಲ್ಲ ರಿಪೇರಿಯವರೂ ಹೀಗೆ ಅಂತ ನಾನು ಹೇಳ್ತಿಲ್ಲ. ಬಸ್ ಸ್ಟ್ಯಾಂಡ್ ಹಿಂದೆ ಒಂದು ಚಿಕ್ಕ ಡಬ್ಬಾ ಅಂಗಡಿಯ ಅಂಕಲ್, ಬಿಚ್ಚಿ, ಕರೆದು ಕೂರಿಸಿ ತೋರಿಸಿ, ಆಮೇಲೆ ರೇಟ್ ಹೇಳ್ತಾರೆ. ಅಂಥವರ ಹೊಟ್ಟೆಪಾಡು ಇರೋದೇ ನಾವು ರಿಪೇರಿ ಮಾಡಿಸೋದ್ರಲ್ಲಿ. ಬಿಚ್ಚದೆ ತೀರ್ಪು ಕೊಡೋನಿಗೂ ಬಿಚ್ಚಿ ತೋರಿಸೋನಿಗೂ ನಾವು ಒಂದೇ ಮರ್ಯಾದೆ ಕೊಡ್ತಾ ಇದ್ರೆ ಎರಡನೆಯವನು ಬದುಕೋದು ಹೇಗೆ?

(7/8)

ಬಿಕಾಂ ಓದಿ ಮೋಸ ಹೋಗೋದು ಇದೆಯಲ್ಲ, ಅದು ನನಗೆ ಜಾಸ್ತಿ ನಾಚಿಕೆ. "ನೀನು ಕಾಮರ್ಸು, ಹಾರ್ಡ್‌ವೇರ್ ನಿನಗ್ಯಾಕೆ" ಅಂದ ಸೈನ್ಸ್ ಮಿತ್ರರೇ, ಕೇಳಿ, ಇದು ಕಾಮರ್ಸ್ ವಿಷಯಾನೇ.

ಅಂಗಡಿಯವನು "ಮೂರು ವರ್ಷ ಆಯ್ತಲ್ಲ" ಅಂದಾಗ ನಾನು ಒಂದು ಕ್ಷಣ ಒಪ್ಪಿಕೊಂಡುಬಿಟ್ಟೆ. ಯಾಕಂದ್ರೆ ನಮ್ಮ ಪುಸ್ತಕದಲ್ಲೂ ಹಾಗೇ ಇದೆ. ಕಂಪನೀಸ್ ಆ್ಯಕ್ಟ್ 2013ರ ಶೆಡ್ಯೂಲ್ 2ರಲ್ಲಿ ಲ್ಯಾಪ್‌ಟಾಪಿನ ಯೂಸ್‌ಫುಲ್ ಲೈಫ್ 3 ವರ್ಷ, ಸರ್ವರ್‌ಗೆ 6. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀವಿ. ಆದ್ರೆ ಅದು ಕಂಪನಿ ಲೆಕ್ಕದಲ್ಲಿ ಖರ್ಚನ್ನ ಯಾವ ವರ್ಷಗಳಿಗೆ ಹಂಚಬೇಕು ಅಂತ ಹೇಳೋ ನಿಯಮ. ಮೂರನೇ ವರ್ಷದ ಹುಟ್ಟುಹಬ್ಬಕ್ಕೆ ಲ್ಯಾಪ್‌ಟಾಪ್ ಪ್ರಾಣ ಬಿಡುತ್ತೆ ಅಂತ ಅಲ್ಲ. ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಕಂಪ್ಯೂಟರಿಗೆ 40 ಪರ್ಸೆಂಟ್ ಸವಕಳಿ. ನನ್ನ 38,000ಕ್ಕೆ ಹಾಕಿ ನೋಡಿ: ಒಂದು ವರ್ಷಕ್ಕೆ 22,800, ಎರಡಕ್ಕೆ 13,680, ಮೂರಕ್ಕೆ 8,208. ಆ ವಿಧಾನದಲ್ಲಿ ಅದು ಸೊನ್ನೆ ಆಗೋದೇ ಇಲ್ಲ. ಅಂಗಡಿ ಮಾತ್ರ 4,000 ಅಂತು.

ಪುಸ್ತಕದಲ್ಲಿ ಸವೆದಿದ್ದಕ್ಕೂ ಕೈಯಲ್ಲಿ ಸವೆದಿದ್ದಕ್ಕೂ ವ್ಯತ್ಯಾಸ ಗೊತ್ತಿಲ್ಲದಿದ್ರೆ ಮೂರು ವರ್ಷ ನಾವು ಓದಿದ್ದೇನು? ನನ್ನ ಅಮ್ಮನ ಹೊಲಿಗೆ ಮಷೀನ್ ನನಗಿಂತ ದೊಡ್ಡದು. ಎಣ್ಣೆ ಬಿಡ್ತಾರೆ, ಬೆಲ್ಟ್ ಬದಲಿಸ್ತಾರೆ, ನಡೀತಿದೆ. "ಸದ್ದು ಬಂತು, ಹೊಸದು ತಗೋತೀನಿ" ಅಂತ ಅವರು ಒಂದು ದಿನ ಅಂದಿದ್ದು ಕೇಳಿಲ್ಲ.

ಕನ್ಸ್ಯೂಮರ್ ಪ್ರೊಟೆಕ್ಷನ್ ಆ್ಯಕ್ಟ್ 2019 ಕೂಡ ನಮ್ಮ ಸಿಲಬಸ್ಸೇ. ಆರು ಹಕ್ಕು ಬರೆಯಿರಿ, ಹತ್ತು ಅಂಕ. ಬರೆದು ಬಂದು ಅಂಗಡಿ ಮುಂದೆ ಕೈಕಟ್ಟಿ ನಿಲ್ತೀವಿ. ಮಾಹಿತಿ ಪಡೆಯೋದು ಅದರಲ್ಲಿ ಒಂದು ಹಕ್ಕು ತಾನೇ? ಹಾಗಾದ್ರೆ ಕೇಳಿ. "ನನ್ನ ಮುಂದೆ ಬಿಚ್ಚಿ. ಏನು ಹೋಗಿದೆ ಅಂತ ಚೀಟಿಯಲ್ಲಿ ಬರೆದುಕೊಡಿ. ಬದಲಿಸಿದ್ರೆ ಹಳೇ ಪಾರ್ಟ್ ವಾಪಸ್ ಕೊಡಿ. ಬಿಲ್ ಕೊಡಿ." ನಾನು ಆಮೇಲೆ ಫೋನ್ ಮಾಡಿ ಆ ಅಂಗಡಿಯವನಿಗೆ "ಮದರ್‌ಬೋರ್ಡ್ ಹೋಗಿದೆ ಅಂತ ಬರೆದುಕೊಡ್ತೀರಾ" ಅಂತ ಕೇಳಿದೆ. "ಅದೆಲ್ಲ ಆಗಲ್ಲಮ್ಮ, ಅಣ್ಣನೋ ಅಪ್ಪನೋ ಇದ್ರೆ ಕಳ್ಸು, ಮಾತಾಡ್ತೀನಿ" ಅಂದ. ಹುಡುಗಿಯರೇ, ಈ ಸಾಲು ನಿಮಗೆ ಹೊಸದಲ್ಲ ಅಂತ ಗೊತ್ತು.

ಬಿಲ್ ಕೊಡದೆ, ಪಾರ್ಟ್ ಕೊಡದೆ ಸತಾಯಿಸಿದ್ರೆ ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್ 1915. ಸೇವ್ ಮಾಡಿಕೊಳ್ಳಿ, ಈಗಲೇ.

ಮತ್ತೆ ಆ ಬಿಸಾಕಿದ್ದು ಎಲ್ಲಿ ಹೋಗುತ್ತೆ? 2022ರ ಒಂದೇ ವರ್ಷ ಪ್ರಪಂಚದಲ್ಲಿ ಹುಟ್ಟಿದ ಇ-ಕಸ 62 ಮಿಲಿಯನ್ ಟನ್, ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋಗಿದ್ದು ಅದರಲ್ಲಿ 22.3 ಪರ್ಸೆಂಟ್ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತೆ. ಪರಿಸರ ದಿನಕ್ಕೆ ಸ್ಟೋರಿ ಹಾಕೋರು ಇದನ್ನೂ ನೋಡಿಕೊಳ್ಳಿ.

(8/8)

ಈಗ ನನ್ನ ಲ್ಯಾಪ್‌ಟಾಪ್ ಹೇಗಿದೆ ಅಂತ ಕೇಳ್ತಿದ್ದೀರಿ. ಸುಳ್ಳು ಹೇಳಲ್ಲ, ಪೂರ್ತಿ ಮೌನ ಆಗಿಲ್ಲ. ವಿಡಿಯೋ ಕಾಲ್ ಮಾಡಿದಾಗ, ಇಪ್ಪತ್ತು ಟ್ಯಾಬ್ ತೆಗೆದಾಗ ಗಾಳಿ ಸದ್ದು ಬರುತ್ತೆ, ಐದು ನಿಮಿಷಕ್ಕೆ ಇಳಿಯುತ್ತೆ. ಫ್ಯಾನ್ ಇರೋದೇ ಅದಕ್ಕೆ. ಮೊದಲು ಹಾಸಿಗೆ ಮೇಲೆ ಇಟ್ಟುಕೊಂಡು ಸಿನಿಮಾ ನೋಡ್ತಿದ್ದೆ, ತಳದ ಗಾಳಿ ಕಿಂಡಿಗಳೆಲ್ಲ ರಗ್ಗಿನಲ್ಲಿ ಮುಚ್ಚಿ ಹೋಗ್ತಿದ್ವು. ಈಗ ಅಮ್ಮನ ಹಳೇ ಚಪಾತಿ ಮಣೆ ಮೇಲೆ ಇಡ್ತೀನಿ. ನಗಬೇಡಿ, ಎರಡನೇ ಫೋಟೋ ಅದೇ.

ಅಮ್ಮನಿಗೆ ಅಂಗಡಿಯ ವಿಷಯ ಎಲ್ಲಾ ಮುಗಿದ ಮೇಲೆ ಹೇಳಿದೆ. "ಎಂಟು ಸಾವಿರಾನಾ?" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಮಿಕ್ಸಿನೂ ಒಂದು ಸಲ ಬಿಚ್ಚಿ ನೋಡ್ತೀಯಾ?" ಅಂದ್ರು.

ಬರೋ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕ್ಯಾಂಟೀನ್ ಪಕ್ಕದ ಕಟ್ಟೆ ಮೇಲೆ ನಾನು, ಇನ್ನಿಬ್ಬರು ಕೂರ್ತೀವಿ. ಸ್ಕ್ರೂಡ್ರೈವರ್ ಸೆಟ್ ಇದೆ, ಬ್ರಷ್ ಇದೆ. ವಾರಂಟಿ ಮುಗಿದಿರೋ, ಕೂಗ್ತಿರೋ ಲ್ಯಾಪ್‌ಟಾಪ್ ತನ್ನಿ. ಬರೋಕೆ ಮುಂಚೆ ಮುಖ್ಯವಾದ ಫೈಲ್ ಎಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಟಾಸ್ಕ್ ಮ್ಯಾನೇಜರ್ ಫೋಟೋ ತೆಗೆದುಕೊಂಡು ಬನ್ನಿ, ಬಿಚ್ಚೋ ಅವಶ್ಯಕತೆಯೇ ಇಲ್ಲದಿರಬಹುದು. ಬಿಚ್ಚೋದಾದ್ರೆ ನೀವೇ ಬಿಚ್ಚಬೇಕು, ನಾವು ಬರೀ ಬೆರಳು ತೋರಿಸ್ತೀವಿ.

ಪೇಸ್ಟಿನ ದುಡ್ಡು ನಿಮ್ಮದು. ಟೀ, ಬನ್ನೂ ನಿಮ್ಮದೇ.